ಆಂಬುಲೆನ್ಸಿನ ಮೇಲೆ ಫೋಸ್ಕೊ

ನಮ್ಮೂರು ಮೊಂತೆರಿಪಾದಲ್ಲಿ ಮನುಷ್ಯನ ಹೆಸರು ಊರಿಗೆಲ್ಲ ಕಾಣಬೇಕಾದರೆ ಮೊದಲು ಅವನು ಸಾಯಬೇಕು. ಇದು ಯಾರ ಮೇಲಿನ ಸಿಟ್ಟಿಗೂ ಹೇಳುವ ಮಾತಲ್ಲ, ಪದ್ಧತಿಯೇ ಹಾಗೆ. ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನ ಪೋಸ್ಟರುಗಳು ಗೋಡೆ ಏರುತ್ತವೆ. ಕೆಳಗೆ "ಹೂವು ಬೇಡ, ಆ ದುಡ್ಡನ್ನು ಆಂಬುಲೆನ್ಸ್ ತಂಡಕ್ಕೆ ಕೊಡಿ" ಎಂದು ಒಂದು ಸಾಲು ಇರುತ್ತದೆ. ಸಂಬಳವಿಲ್ಲದೆ ದುಡಿಯುವ ನಮ್ಮ ಡಾಕ್ಟರು, ನರ್ಸು, ಡ್ರೈವರುಗಳ ತಂಡ ಹೀಗೆ ಹೂವಾಗದೆ ಉಳಿದ ದುಡ್ಡಿನಲ್ಲೇ ನಡೆಯುತ್ತದೆ. ಕೈ ಬಿಚ್ಚಿ ಕೊಟ್ಟವರ ಮನೆಯ ಸತ್ತವರ ಹೆಸರನ್ನು ಗಾಡಿಯ ಬಾಗಿಲ ಮೇಲೆ ಬರೆಸುತ್ತಾರೆ.

ಹಳೆಯ ಆಂಬುಲೆನ್ಸಿನ ಮೇಲೆ ಇದ್ದದ್ದು ಮಾಂಸದಂಗಡಿಯ ಅರ್ಗಾಂತೆಯ ಹೆಸರು. ಊರಿನವರಿಗೆ ಆಂಬುಲೆನ್ಸ್ ಎನ್ನುವ ಮಾತೇ ಮರೆತುಹೋಗಿತ್ತು. "ಅತ್ತೆಗೆ ಎದೆ ನೋವು, ಅರ್ಗಾಂತೆನ ಕರೀರಿ" ಎನ್ನುತ್ತಿದ್ದರು. "ಅರ್ಗಾಂತೆ ಪಂಕ್ಚರ್ ಆಗಿದ್ದಾನೆ" ಎಂದರೂ ಯಾರೂ ನಗುತ್ತಿರಲಿಲ್ಲ.

ಇದನ್ನು ಸಹಿಸಲಾಗದವನು ಒಬ್ಬನೇ ಒಬ್ಬ, ಫೋಸ್ಕೊ ಬೆರ್ನಾಕ್ಕಿ. ಸಂತೆಯಿಂದ ಸಂತೆಗೆ ವ್ಯಾನಿನಲ್ಲಿ ಬೂಟು ಮಾರಿ ನಿವೃತ್ತನಾದವನು. ಊರಿನ ಪ್ರತಿಯೊಬ್ಬರ ಪಾದದ ಅಳತೆ ತನಗೆ ಬಾಯಿಪಾಠ ಎಂದು ಎದೆ ಉಬ್ಬಿಸುತ್ತಿದ್ದ. ಚೌಕದಲ್ಲಿರುವ ನನ್ನ ಕಾಫಿ ಬಾರಿನ ಮೂಲೆಯ ಮೇಜಿನಲ್ಲಿ ಅವನೂ ಅರ್ಗಾಂತೆಯೂ ಇಡೀ ಆಯುಷ್ಯ ಇಸ್ಪೀಟು ಆಡಿದರು. ಇಡೀ ಆಯುಷ್ಯ ಫೋಸ್ಕೊ ಸೋತ. ಕೊನೆಯ ಕೈಗೆ ಬಂತೆಂದರೆ ಅರ್ಗಾಂತೆ ಬಗ್ಗಿ ಕಾಲು ತುರಿಸಿಕೊಳ್ಳುವನು, ಮೇಲೆದ್ದು ಎಕ್ಕ ಬಿಸಾಡುವನು.

"ಪಾಪ, ಕಾಲಲ್ಲಿ ಆಣಿ ಅವನಿಗೆ. ಅದಕ್ಕೇ ಯಾವಾಗ್ಲೂ ಒಂದು ಅಳತೆ ದೊಡ್ಡ ಬೂಟೇ ಕೊಡು ಅಂತಾನೆ," ಎಂದು ಫೋಸ್ಕೊ ಸೋತ ಮೇಲೂ ಎದುರಾಳಿಯ ಪಾದದ ಬಗ್ಗೆ ಮರುಗುತ್ತಿದ್ದ.

ಆದರೆ ಅರ್ಗಾಂತೆ ಸತ್ತು ಆಂಬುಲೆನ್ಸ್ ಏರಿದ ಮೇಲೆ ಆ ಮರುಕವೂ ಬತ್ತಿತು. "ಸತ್ತ ಮೇಲೂ ಸೈರನ್ ಹಾಕ್ಕೊಂಡು ನಮ್ಮನೆ ಮುಂದೆನೇ ಹೋಗ್ತಾನೆ ನೋಡು ದುಯಿಲಿಯೊ," ಎಂದು ನನ್ನ ಬಳಿ ಹಲ್ಲು ಕಡಿಯುತ್ತಿದ್ದ. ದುಯಿಲಿಯೊ ಎಂದರೆ ನಾನು. ನಾನು ಅವನ ಮುಂದೆ ಇನ್ನೊಂದು ಕಾಫಿ ಇಡುತ್ತಿದ್ದೆ.

ಈ ನಡುವೆ ನಮ್ಮ ತಂಡಕ್ಕೆ ಕುತ್ತು ಬಂತು. ತಂಡದ ಮುಖ್ಯಸ್ಥೆ ಮಕ್ಕಳ ಡಾಕ್ಟರ್ ಲವೀನಿಯಾ. ಭೂಕಂಪ, ನೆರೆ, ಗುಡ್ಡ ಕುಸಿತಕ್ಕೆ ಓಡುವ ತಂಡಗಳ ಪಟ್ಟಿಯಲ್ಲಿ ಉಳಿಯಬೇಕಾದರೆ ಇನ್ನೊಂದು ಗಾಡಿ ಬೇಕು, ಗಾಳಿ ತುಂಬಿ ನಿಲ್ಲಿಸುವ ಆಸ್ಪತ್ರೆ ಡೇರೆ ಬೇಕು ಎಂದು ಮೇಲಿನವರು ಆಕೆಗೆ ಹೇಳಿದರು. ಮುಂದಿನ ಸೋಮವಾರ ತಪಾಸಣೆಗೆ ಅಧಿಕಾರಿ ಬರುತ್ತಾರೆ, ಇಲ್ಲದಿದ್ದರೆ ತಂಡ ರದ್ದು, ಆಮೇಲೆ ನಗರದ ಆಂಬುಲೆನ್ಸೇ ಗತಿ. ನಗರದಿಂದ ನಮ್ಮೂರಿಗೆ ಇರುವುದು ಒಂದೇ ರಸ್ತೆ. ಗುಡ್ಡ ಕುಸಿದರೆ ಮೊದಲು ಮುಚ್ಚುವುದು ಅದೇ ರಸ್ತೆ. ಲವೀನಿಯಾ ಕೇಕು ಮಾರಿಸಿದಳು, ಲಾಟರಿ ನಡೆಸಿದಳು. ಬಂದ ದುಡ್ಡಿನಲ್ಲಿ ಡೇರೆಯ ಗೂಟಗಳು ಬರಬಹುದಿತ್ತು.

ಆಗ ಫೋಸ್ಕೊ ಆಕೆಯ ಚಿಕಿತ್ಸಾಲಯಕ್ಕೆ ಹೋದ. ಅಲ್ಲಿ ನಡೆದ ಮಾತು ನನಗೆ ಗೊತ್ತಾದದ್ದು ಆಮೇಲೆ. ಮೊದಲೇ ಗೊತ್ತಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ನನ್ನ ವ್ಯಾನ್ ತಗೊಳ್ಳಿ ಡಾಕ್ಟ್ರೇ. ಬೂಟಿನ ವಾಸನೆ ಸ್ವಲ್ಪ ಇದೆ, ಇಂಜಿನ್ ಗಟ್ಟಿ. ಒಂದೇ ಒಂದು ಷರತ್ತು."

"ಏನು?"

"ಬಾಗಿಲ ಮೇಲೆ ನನ್ನ ಹೆಸರು. ಅರ್ಗಾಂತೆ ಹೆಸರಿಗಿಂತ ಒಂದು ಗೇಣು ದೊಡ್ಡದು."

"ಫೋಸ್ಕೊ, ಗಾಡಿ ಮೇಲೆ ಬದುಕಿರೋರ ಹೆಸರು ನಾವು ಯಾವತ್ತೂ ಬರೆಸಿಲ್ವಲ್ಲ."

"ಪದ್ಧತಿ ಎಲ್ಲಾದ್ರೂ ಒಂದು ಕಡೆ ಶುರುವಾಗ್ಲೇಬೇಕಲ್ವಾ? ಸಾಯೋ ತನಕ ಕಾಯೋಕೆ ನಂಗೆ ಪುರಸೊತ್ತಿಲ್ಲ."

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ, ಬ್ಯಾಂಡು ಬಾರಿಸಿ, ಪರದೆ ಸರಿಸಿ ಹೆಸರು ತೋರಿಸುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಗುಟ್ಟು. ಫೋಸ್ಕೊ ಹೆಂಡತಿ ಎರ್ಸಿಲಿಯಾಳನ್ನು ಕರೆದುಕೊಂಡು ಮಂಡಿನೋವಿಗೆಂದು ಬಿಸಿನೀರಿನ ಬುಗ್ಗೆಯ ಊರಿಗೆ ಹೊರಟ. ಸಭೆಯಲ್ಲಿ ಕುಂಟುತ್ತ ವೇದಿಕೆ ಹತ್ತಿದರೆ ಕಳೆ ಇರುವುದಿಲ್ಲ ಎಂಬುದು ಅವನ ಲೆಕ್ಕ. ಹೊರಡುವ ಗಡಿಬಿಡಿಯಲ್ಲಿ ಮೊಬೈಲನ್ನು ವ್ಯಾನಿನಲ್ಲೇ ಬಿಟ್ಟ.

ಹೆಸರು ಬರೆದವನು ತೂಲಿಯೊ. ಊರಿನ ಗಾಡಿಗಳ ಮೇಲೂ ಗೋರಿಗಳ ಮೇಲೂ ಅಕ್ಷರ ಬರೆಯುವವನು ಅವನೊಬ್ಬನೇ. ಹೇಳಿದಷ್ಟನ್ನೇ ಬರೆದ. ಆದರೆ ಕೈಗೆ ಅಭ್ಯಾಸ, ಗೋರಿಗಳ ಮೇಲೆ ಬಿಡಿಸುವ ಹಾಗೆ ಹೆಸರಿನ ಪಕ್ಕ ತಾನಾಗಿಯೇ ಒಂದು ಆಲಿವ್ ರೆಂಬೆ ಬಿಡಿಸಿತು.

ಗುರುವಾರ ಸಂತೆ. ಬೆಟ್ಟದ ತೋಟದಲ್ಲಿ ಒಬ್ಬ ಮುದುಕ ಆಲಿವ್ ಮರದಿಂದ ಬಿದ್ದ. ಅರ್ಗಾಂತೆ ಅರ್ಧ ಏರಿನಲ್ಲಿ ಹೊಗೆ ಬಿಟ್ಟು ನಿಂತ. ಬೇರೆ ದಾರಿಯಿಲ್ಲದೆ ಲವೀನಿಯಾ ಹೊಸ ವ್ಯಾನಿನ ಪರದೆ ಕಿತ್ತೆಸೆದು ಹೊರಟಳು. ಸೈರನ್ ಕೂಗುತ್ತ, ಈರುಳ್ಳಿ ಗಾಡಿಗೂ ಚೀಸಿನ ಗಾಡಿಗೂ ನಡುವೆ, ಇಡೀ ಸಂತೆಯ ಮುಂದೆ ಆ ಹೆಸರು ಹಾದುಹೋಯಿತು. ಒಂದು ಗೇಣು ದೊಡ್ಡ ಅಕ್ಷರ. ಕನ್ನಡಕ ಇಲ್ಲದವರೂ ಓದಿದರು.

ಈರುಳ್ಳಿ ಆರಿಸುತ್ತಿದ್ದ ದೊಮಿತಿಲ್ಲಾ ಫೋಸ್ಕೊನ ಪಕ್ಕದ ಮನೆಯವಳು. ಆಕೆ ಚೀಲ ಕೆಳಗಿಟ್ಟು ಅಂದಳು: "ಅಯ್ಯೋ, ಹೋಗೇ ಬಿಟ್ನಾ. ನಿನ್ನೆ ತಾನೇ ಬಸ್ಸು ಹತ್ತಿದ್ದ, ಮಂಡಿನೋವು ಅಂದಿದ್ದ."

ಸುದ್ದಿ ಚೀಸಿನ ಗಾಡಿ ಮುಟ್ಟುವ ಹೊತ್ತಿಗೆ ಮಂಡಿನೋವು ಆಪರೇಷನ್ ಆಗಿತ್ತು. ಮೀನಿನ ಗಾಡಿಯ ಹತ್ತಿರ ಹೃದಯಾಘಾತವಾಯಿತು. ನನ್ನ ಬಾರಿನ ಬಾಗಿಲಿಗೆ ಬರುವಷ್ಟರಲ್ಲಿ ಫೋಸ್ಕೊ ಬಿಸಿನೀರಿನ ತೊಟ್ಟಿಯಲ್ಲಿ, ಎರ್ಸಿಲಿಯಾಳ ಕೈ ಹಿಡಿದು, ವ್ಯಾನನ್ನು ತಂಡಕ್ಕೆ ಬಿಟ್ಟುಕೊಟ್ಟು, ಪಾದ್ರಿಯ ಸಮ್ಮುಖದಲ್ಲಿ ಶಾಂತವಾಗಿ ಪ್ರಾಣ ಬಿಟ್ಟಿದ್ದ.

ನಾನು ವಿಚಾರವಂತ. ಕೇಳಿದ್ದನ್ನೆಲ್ಲ ನಂಬುವವನಲ್ಲ. ತೂಲಿಯೊನನ್ನು ಕರೆದು ಕೇಳಿದೆ.

"ನಂಗೆ ಹೆಸರು ಕೊಟ್ರು, ಬರೆದೆ," ಎಂದ ಆತ. "ಏನಾಗಿತ್ತು, ಹೇಗಾಯ್ತು ಅಂತ ನಾನು ಯಾವತ್ತೂ ಯಾರನ್ನೂ ಕೇಳಲ್ಲ."

ಅಷ್ಟಕ್ಕೂ ಬಿಡದೆ ಫೋಸ್ಕೊನ ಮೊಬೈಲಿಗೆ ಕರೆ ಮಾಡಿದೆ. ಆಗತಾನೇ ಮುದುಕನನ್ನು ಇಳಿಸಿ ಬಂದು ಚೌಕದಲ್ಲಿ ನಿಂತಿದ್ದ ಆಂಬುಲೆನ್ಸಿನ ಒಳಗಿಂದ ರಿಂಗು ಕೇಳಿಸಿತು. ಗಾಡಿಯಲ್ಲಿ ಯಾರೂ ಇರಲಿಲ್ಲ. ದೊಮಿತಿಲ್ಲಾ ಶಿಲುಬೆಯ ಗುರುತು ಮಾಡಿಕೊಂಡಳು.

"ಕಟ್ ಮಾಡು ದುಯಿಲಿಯೊ. ಆ ಕಡೆಯಿಂದ ಎತ್ತಿಬಿಟ್ರೆ ಏನ್ ಮಾತಾಡ್ತೀಯ?"

ಕಟ್ ಮಾಡಿದೆ. ಅಷ್ಟರಲ್ಲಿ ಕೈ ತೊಳೆದುಕೊಂಡು ಬಂದ ಲವೀನಿಯಾಳನ್ನು ಜನ ಮುತ್ತಿದರು. ಆಕೆ, "ಏನ್ರೀ ನೀವೆಲ್ಲ? ಫೋಸ್ಕೊ ಆರಾಮಾಗಿದ್ದಾರೆ. ಶನಿವಾರ ಬರ್ತಾರೆ," ಎಂದಳು.

"ಡಾಕ್ಟ್ರು ಪಾಪ, ಯಾವತ್ತೂ ಒಂದೇ ಸಲಕ್ಕೆ ಹೇಳಲ್ಲ," ಎಂದಳು ದೊಮಿತಿಲ್ಲಾ ನನ್ನ ಕಿವಿಯಲ್ಲಿ. "ನಮ್ಮಮ್ಮ ಹೋದಾಗ್ಲೂ ಹೀಗೇ ಆರಾಮಾಗಿದ್ದಾರೆ ಅಂದಿದ್ರು. ದೇಹ ಶನಿವಾರ ಬರುತ್ತಂತೆ. ಭಾನುವಾರ ಪೂಜೆ ಇಡಿಸ್ಬೇಕು."

ಲವೀನಿಯಾ ಸಂಜೆಯವರೆಗೂ ಸಿಕ್ಕವರಿಗೆಲ್ಲ ಅದನ್ನೇ ಹೇಳಿದಳು. ಹೇಳಿದಷ್ಟೂ ಜನ ಆಕೆಯ ಭುಜ ತಟ್ಟಿ ಸಮಾಧಾನ ಮಾಡಿದರು. ಶುಕ್ರವಾರ ಪೋಸ್ಟರುಗಳು ಗೋಡೆ ಏರಿದವು. ಪುರಸಭೆಯದ್ದು ಒಂದು, ಸಂತೆ ವ್ಯಾಪಾರಿಗಳದ್ದು ಒಂದು, ಇಸ್ಪೀಟು ಕೂಟದ್ದು ಒಂದು. ಎಲ್ಲದರ ಕೆಳಗೂ ಆ ಸಾಲು: ಹೂವು ಬೇಡ, ಆಂಬುಲೆನ್ಸ್ ತಂಡಕ್ಕೆ ಕೊಡಿ. ನಾನು ಬಿಸ್ಕತ್ತಿನ ಭರಣಿ ತೊಳೆದು, ಕಪ್ಪು ರಿಬ್ಬನ್ನು ಕಟ್ಟಿ, ಗಲ್ಲಾದ ಪಕ್ಕ ಇಟ್ಟೆ. ಕಣ್ಣೊರೆಸಿಕೊಂಡು ಮೊದಲ ನೋಟು ನಾನೇ ಹಾಕಿದೆ. ಲವೀನಿಯಾಳ ಕೇಕುಗಳಿಗೆ ಮೂಗು ಮುರಿದಿದ್ದ ಊರು ಈಗ ಸಾಲು ನಿಂತಿತು. ಬದುಕಿದ್ದಾಗ ಬೂಟಿನ ಬೆಲೆಯಲ್ಲಿ ಚೌಕಾಸಿ ಮಾಡಿದವರಿಗೆಲ್ಲ ಒಮ್ಮೆಲೇ ಮನಸ್ಸು ಚುಚ್ಚತೊಡಗಿತ್ತು. ಮೊದಲ ಭರಣಿ ತುಂಬಿ ನಾನು ಉಪ್ಪಿನಕಾಯಿಯ ಭರಣಿಯನ್ನೂ ಖಾಲಿ ಮಾಡಬೇಕಾಯಿತು.

ಶನಿವಾರ ಸಂಜೆಯ ಬಸ್ಸಿನಿಂದ ಫೋಸ್ಕೊ ಇಳಿದ. ಮಂಡಿ ಗುಣವಾಗಿತ್ತು, ಮುಖ ಕೆಂಪಗೆ ಹೊಳೆಯುತ್ತಿತ್ತು. ಗೋಡೆಯ ಮೇಲೆ ತನ್ನ ಹೆಸರು ಕಂಡು ನಾಳಿನ ಸಮಾರಂಭದ ಪ್ರಚಾರವಿರಬೇಕೆಂದುಕೊಂಡ. ಹತ್ತಿರ ಹೋಗಿ ಓದಿದ. ಅಷ್ಟರಲ್ಲಿ ವಿಧವೆಗೆಂದು ಚೀಸು ಹಾಕಿ ಬೇಯಿಸಿದ ಲಸಾನ್ಯದ ತಟ್ಟೆ ಹಿಡಿದು ಬರುತ್ತಿದ್ದ ದೊಮಿತಿಲ್ಲಾ ತಿರುವಿನಲ್ಲಿ ಎದುರಾದಳು. ತಟ್ಟೆ ಕೆಳಗೆ ಬಿತ್ತು, ಪಕ್ಕದಲ್ಲೇ ಆಕೆಯೂ ಕುಸಿದಳು.

"ಏಳು ದೊಮಿತಿಲ್ಲಾ, ನಾನು ಕಣೆ."

"ಅದೇ ಕಣಪ್ಪಾ ತೊಂದ್ರೆ," ಎಂದಳು ಆಕೆ ಕಣ್ಣು ಮುಚ್ಚಿಕೊಂಡೇ.

ಎರ್ಸಿಲಿಯಾ ಬಗ್ಗಿ ತಟ್ಟೆಯಲ್ಲಿ ಉಳಿದದ್ದನ್ನು ನೋಡಿದಳು. "ಅರ್ಧಕ್ಕಿಂತ ಜಾಸ್ತಿ ಚೆನ್ನಾಗೇ ಇದೆ," ಎಂದು ಎತ್ತಿಕೊಂಡಳು. ಮನೆ ಬಾಗಿಲಲ್ಲಿ ಇನ್ನೂ ಮೂರು ತಟ್ಟೆಗಳು ಕಾಯುತ್ತಿದ್ದವು.

ಸದ್ದು ಕೇಳಿ ಓಡಿಬಂದು, ಅವನು ಬದುಕಿರುವುದನ್ನು ಕಣ್ಣಾರೆ ಕಂಡ ನಾನು ಹಿಂದಿನ ಗಲ್ಲಿಯಿಂದ ಮೂವರನ್ನೂ ನನ್ನ ಉಗ್ರಾಣದೊಳಗೆ ಸೇರಿಸಿಕೊಂಡು, ಬಾಯಿ ಬಿಡಬಾರದೆಂದು ದೊಮಿತಿಲ್ಲಾಳಿಂದ ಆಣೆ ಹಾಕಿಸಿ, ಲವೀನಿಯಾಳಿಗೆ ಹೇಳಿ ಕಳಿಸಿದೆ. ಫೋಸ್ಕೊ ಅಲ್ಲಿದ್ದ ಒಣಮಾಂಸದ ಸಲಾಮಿಯನ್ನು ಸಿಟ್ಟಿನಿಂದ ಜಗಿಯುತ್ತಿದ್ದ. ತನ್ನನ್ನು ಸಾಯಿಸಿದ್ದಕ್ಕಲ್ಲ.

"ಇಸ್ಪೀಟು ಕೂಟದವರು ಏನು ಬರೆಸಿದ್ದಾರೆ ಓದಿದ್ಯಾ? 'ಜೀವಮಾನವಿಡೀ ನಗುನಗುತ್ತಾ ಸೋತ ಗೆಳೆಯ.' ನನ್ನ ಪೋಸ್ಟರಿನಲ್ಲೂ ಅರ್ಗಾಂತೆನೇ ಗೆದ್ದ ಕಣೋ."

ಅಷ್ಟರಲ್ಲಿ ಲವೀನಿಯಾ ಬಂದಳು. ಭರಣಿಗಳನ್ನು ನೋಡಿ ಆಕೆಯ ಮುಖ ಅರಳಲಿಲ್ಲ. "ಡೇರೆಗೆ ಇನ್ನು ಸ್ವಲ್ಪವೇ ಕಮ್ಮಿ," ಎಂದಳು. "ಆದ್ರೆ ಇದು ಸತ್ತೋರ ಹೆಸರಲ್ಲಿ ಬಂದ ದುಡ್ಡು. ಸತ್ತೋರು ಇಲ್ಲಿ ಕೂತು ಸಲಾಮಿ ತಿಂತಿದ್ದಾರೆ. ನಾನು ಮುಟ್ಟಲ್ಲ. ನಾಳೆ ಪೂಜೆ ಶುರುವಾಗೋ ಮೊದಲೇ ಪಾದ್ರಿಗಳು ಎಲ್ಲರ ಮುಂದೆ ನಿಜ ಹೇಳ್ಲಿ. ವಾಪಸ್ ಬೇಕಾದವರು ತಗೊಂಡು ಹೋಗ್ಲಿ."

"ಸೋಮವಾರ ಅಧಿಕಾರಿ ಬರ್ತಾರಲ್ಲ ಡಾಕ್ಟ್ರೇ?" ಎಂದೆ.

"ಬರ್ಲಿ. ತಂಡ ರದ್ದಾದ್ರೆ ಆಗ್ಲಿ." ಇಷ್ಟು ಹೇಳಿ ಆಕೆ ಗೋಡೆಯ ಕಡೆ ತಿರುಗಿಕೊಂಡಳು. ಒಂದು ಕಾಲದಲ್ಲಿ ತನ್ನ ಮದುವೆಗೆಂದು ಇಟ್ಟಿದ್ದ ದುಡ್ಡನ್ನೂ ಈ ತಂಡಕ್ಕೇ ಸುರಿದವಳು ಆಕೆ. ಸಲಾಮಿ ತಿನ್ನುತ್ತಿದ್ದ ಫೋಸ್ಕೊ ಕೂಡ ಬಾಯಿ ಆಡಿಸುವುದನ್ನು ನಿಲ್ಲಿಸಿದ.

ಭಾನುವಾರ ಬೆಳಿಗ್ಗೆ ಹಿಂಬಾಗಿಲಿನಿಂದ ಫೋಸ್ಕೊನನ್ನು ಚರ್ಚಿನೊಳಗೆ ಕರೆತಂದು ಪಾಪನಿವೇದನೆಯ ಮರದ ಗೂಡಿನಲ್ಲಿ ಕೂರಿಸಿದೆವು. ಪಾದ್ರಿ ದೊನ್ ಅನ್ಸೆಲ್ಮೊ ನಿಜ ಹೇಳಿ ಸನ್ನೆ ಮಾಡಿದ ಮೇಲೆ ಮೆಲ್ಲಗೆ ಹೊರಗೆ ಬರಬೇಕು ಎಂದು ಒಪ್ಪಂದ. ದೊನ್ ಅನ್ಸೆಲ್ಮೊ ಸತ್ಯವಂತರು, ಒಪ್ಪಿಯೂ ಇದ್ದರು. ಆದರೆ ಬಲಿಪೀಠದ ಮುಂದೆ ನಿಂತು ತಿರುಗಿದವರೇ ಬೆರಗಾದರು. ಬೆಂಚುಗಳು ತುಂಬಿ, ಕಂಬಗಳ ಸುತ್ತಲೂ ತುಂಬಿ, ಜನ ಮೆಟ್ಟಿಲ ಮೇಲೂ ನಿಂತಿದ್ದರು.

"ಈಸ್ಟರಿಗೂ ಇಷ್ಟು ಜನ ಬಂದಿಲ್ಲ," ಎಂದರು ಪಕ್ಕದಲ್ಲಿದ್ದ ನನಗೆ, ಪಿಸುದನಿಯಲ್ಲಿ. "ಹೇಳಿದ್ರೆ ಎದ್ದು ಹೋಗ್ತಾರೆ. ಒಂದು ಚಿಕ್ಕ ಉಪದೇಶ ಮುಗಿಸಿ ಹೇಳ್ತೀನಿ."

ಚಿಕ್ಕ ಉಪದೇಶ ಆದಾಮನಿಂದ ಶುರುವಾಯಿತು. ಮೊದಲ ಬೆಂಚಿನಲ್ಲಿ ಎರ್ಸಿಲಿಯಾ ಹಸಿರು ಉಡುಪಿನಲ್ಲಿ ಕೂತಿದ್ದಳು, ಕಪ್ಪು ತನಗೆ ಒಪ್ಪುವುದಿಲ್ಲ ಎಂದು. ಪಕ್ಕದಲ್ಲಿ ಒಬ್ಬ ಅಪರಿಚಿತ, ಕೋಟು ಹಾಕಿದ, ಸೊರಗಿದ ಮನುಷ್ಯ. ಅವರೇ ಸೋಮವಾರದ ಅಧಿಕಾರಿ, ಸಾಂತರೆಲ್ಲಿ. ತಂಡಕ್ಕೆ ವ್ಯಾನು ಕೊಟ್ಟು ಸತ್ತ ಮಹನೀಯನಿಗೆ ಗೌರವ ಸಲ್ಲಿಸಲು ಒಂದು ದಿನ ಮೊದಲೇ ಬಂದಿದ್ದರು. ಲವೀನಿಯಾ ಕಂಬಕ್ಕೆ ಒರಗಿ, ಪಾದ್ರಿಯತ್ತ ಕಣ್ಣಲ್ಲೇ ಕೆಂಡ ಕಾರುತ್ತಿದ್ದಳು.

ದೊನ್ ಅನ್ಸೆಲ್ಮೊ ನೋಹನ ನೆರೆಗೆ ಬಂದು ಉಸಿರು ತೆಗೆದುಕೊಂಡದ್ದೇ ತಡ, ನಡುವಿನ ಬೆಂಚಿನಿಂದ ಅರ್ಗಾಂತೆಯ ವಿಧವೆ ಯೊಲಾಂದಾ ಎದ್ದು ನಿಂತಳು. ಗಂಡನ ಹೆಸರು ಗಾಡಿ ಏರಿದ ಮೇಲೆ ಚರ್ಚಿನ ಕಾಣಿಕೆ ತಟ್ಟೆಗೂ ಕಾಸಿನ ಬದಲು ಅಂಗಿಯ ಗುಂಡಿ ಹಾಕುತ್ತಾಳೆ ಎಂದು ಹೆಸರಾದವಳು. ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದಳು.

"ಫಾದರ್, ನನ್ನ ಎದೆ ಮೇಲೆ ಒಂದು ಭಾರ ಇದೆ, ಇವತ್ತು ಇಳಿಸ್ಕೊಳ್ತೀನಿ," ಎಂದಳು. "ನಮ್ಮ ಅರ್ಗಾಂತೆ ಸಾಯೋ ಹಿಂದಿನ ದಿನ ನನ್ನ ಹತ್ರ ಹೇಳಿದ್ರು. ಇಸ್ಪೀಟಲ್ಲಿ ಅವರು ಫೋಸ್ಕೊನ ಒಂದು ಸಲನೂ ನ್ಯಾಯವಾಗಿ ಗೆದ್ದಿಲ್ಲ. ಎಕ್ಕ ಬೂಟಿನೊಳಗೆ ಇರ್ತಿತ್ತು."

ಬೆಂಚುಗಳಲ್ಲಿದ್ದವರೆಲ್ಲ ಒಟ್ಟಿಗೆ ಆಕೆಯತ್ತ ತಿರುಗಿದರು.

"ಅದಕ್ಕೇ ಒಂದು ಅಳತೆ ದೊಡ್ಡ ಬೂಟು ತಗೊಳ್ತಿದ್ರು," ಎಂದು ಆಕೆ ಅಳತೊಡಗಿದಳು. "ಪಾಪ, ಆ ಬೂಟನ್ನೂ ಫೋಸ್ಕೊನೇ ಮಾರ್ತಿದ್ದ. ಡೇರೆಗೆ ಎಷ್ಟು ಕಮ್ಮಿ ಇದೆಯೋ ಅಷ್ಟೂ ನಾನು ಕೊಡ್ತೀನಿ. ಅವನ ಆತ್ಮ ನಮ್ಮನ್ನ ಕ್ಷಮಿಸ್ಲಿ."

ಆತ್ಮ ಕ್ಷಮಿಸುವ ಸ್ಥಿತಿಯಲ್ಲಿರಲಿಲ್ಲ. ಮರದ ಗೂಡಿನ ಬಾಗಿಲು ಧಡಾರನೆ ತೆರೆಯಿತು. ಗೂಡಿನ ನೇರಳೆ ಪರದೆಯನ್ನು ಭುಜದ ಮೇಲೆ ಎಳೆದುಕೊಂಡೇ ಫೋಸ್ಕೊ ಹೊರಬಂದು, ಎರಡೂ ಕೈ ಮೇಲೆತ್ತಿ, ಇಡೀ ಚರ್ಚು ಮೊಳಗುವ ಹಾಗೆ ಕೂಗಿದ:

"ಬೂಟಿನೊಳಗೆ! ನಾನೇ ಮಾರಿದ ಬೂಟಿನೊಳಗೆ!"

ಮೊದಲು ಉರುಳಿದವರು ಸಾಂತರೆಲ್ಲಿ. ಆಮೇಲೆ ಯೊಲಾಂದಾ, ಆಮೇಲೆ ಗಾಯನದ ಹೆಂಗಸರು ಸಾಲು ಸಾಲಾಗಿ. ಪುರಸಭೆಯ ಅಧ್ಯಕ್ಷರು ಮೇಣದ ಬತ್ತಿಗಳ ಸ್ಟ್ಯಾಂಡನ್ನು ತಬ್ಬಿಕೊಂಡು ಅದರ ಸಮೇತ ಬಿದ್ದರು. ಬಾಗಿಲ ಕಡೆ ಓಡಿದವರು ಒಬ್ಬರನ್ನೊಬ್ಬರು ತುಳಿದು ಕಾಲು ಉಳುಕಿಸಿಕೊಂಡರು. ದೊಮಿತಿಲ್ಲಾ ಮಾತ್ರ ಕೂತಲ್ಲೇ ಕೂತಿದ್ದಳು. ಆಕೆಯ ಸರದಿ ಶನಿವಾರವೇ ಮುಗಿದಿತ್ತು.

ಆಗ ಲವೀನಿಯಾಳ ದನಿ ಕೇಳಿಸಿತು. "ತಂಡ, ಜಾಗಕ್ಕೆ." ಬೆಂಚುಗಳ ನಡುವಿನಿಂದ ಬೇಕರಿಯವನು ಎದ್ದ, ಅಂಚೆಯವಳು ಎದ್ದಳು, ಶಾಲೆಯ ಮೇಷ್ಟ್ರು ಎದ್ದರು. ಕ್ಷಣದಲ್ಲಿ ವ್ಯಾನಿನಿಂದ ಸ್ಟ್ರೆಚರು ಬಂತು, ಚೀಲ ಬಂತು, ಬಣ್ಣದ ಚೀಟಿಗಳು ಬಂದವು. ತುರ್ತು ಇದ್ದವರ ಕೈಗೆ ಕೆಂಪು, ಸ್ವಲ್ಪ ತಡೆಯಬಲ್ಲವರಿಗೆ ಹಳದಿ, ಕಾಯಬಹುದಾದವರಿಗೆ ಹಸಿರು. ಬೆಂಚುಗಳು ಹಾಸಿಗೆಗಳಾದವು. ಗಾಬರಿಗೊಂಡವರನ್ನು ಗಾಯಗೊಂಡವರಿಂದ ಬೇರೆ ಮಾಡಿ ಕೂರಿಸಿದರು. ಅಧ್ಯಕ್ಷರ ಸುಟ್ಟ ಅಂಗೈಗೆ ಪಟ್ಟಿ ಬಿತ್ತು. ನೀರು ಹಂಚುವ ಕೆಲಸ ಆತ್ಮಕ್ಕೇ ಬಿತ್ತು. ಕಣ್ಣು ತೆರೆದವರು ಲೋಟ ಹಿಡಿದ ಫೋಸ್ಕೊನನ್ನು ಕಂಡು ಮತ್ತೆ ಮುಚ್ಚುತ್ತಿದ್ದುದರಿಂದ ಆ ಕೆಲಸವನ್ನು ನನಗೆ ಕೊಟ್ಟರು.

ಸಾಂತರೆಲ್ಲಿ ಎಚ್ಚರಗೊಂಡು ಕೈ ನೋಡಿಕೊಂಡರು. "ನಂಗೆ ಹಸಿರಾ? ನಾನು ಪ್ರಾಂತದ ಅಧಿಕಾರಿ ಕಣ್ರೀ."

"ನಾಡಿ ಚೆನ್ನಾಗಿದೆ, ಗಾಯ ಇಲ್ಲ," ಎಂದಳು ಲವೀನಿಯಾ, ತಲೆ ಎತ್ತದೆ. "ನಿಮ್ಮ ಮುಂದೆ ಹನ್ನೊಂದು ಜನ ಇದ್ದಾರೆ. ಆ ಕಂಬದ ಹತ್ರ ಕೂತ್ಕೊಳ್ಳಿ."

ಅವರು ಸುತ್ತ ನೋಡಿದರು. ಹೋಗಿ ಕಂಬದ ಹತ್ತಿರ ಕೂತರು. ತಮ್ಮ ಸರದಿ ಬರುವವರೆಗೆ ಎಲ್ಲವನ್ನೂ ನೋಡಿದರು. ಸರದಿ ಬಂದಾಗ ಎದ್ದು ನಿಂತು ಅಂದರು: "ಡಾಕ್ಟ್ರೇ, ಇಪ್ಪತ್ತು ವರ್ಷದಿಂದ ಅಣಕು ಪ್ರದರ್ಶನ ನೋಡ್ತಿದ್ದೀನಿ. ಗಾಯಾಳುಗಳು ಇಷ್ಟು ಚೆನ್ನಾಗಿ ನಟಿಸಿದ್ದು ಎಲ್ಲೂ ನೋಡಿಲ್ಲ. ನಾಳೆ ತಪಾಸಣೆ ಬೇಕಾಗಿಲ್ಲ. ಡೇರೆ ಯಾವಾಗ ತರ್ತೀರಿ ಅಷ್ಟು ಹೇಳಿ."

ಲವೀನಿಯಾ ಬಲಿಪೀಠದ ಮೆಟ್ಟಿಲು ಹತ್ತಿದಳು. ನನ್ನ ಎರಡೂ ಭರಣಿಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟಳು. "ನೀವು ಕೊಟ್ಟಿದ್ದು ಸತ್ತೋರಿಗೆ ಅಂತ. ಇವರು ಸತ್ತಿಲ್ಲ. ಯಾರಿಗೆ ವಾಪಸ್ ಬೇಕೋ ಬನ್ನಿ," ಎಂದಳು.

ಯಾರೂ ಅಲುಗಲಿಲ್ಲ. ಕೊನೆಗೆ ಹಳದಿ ಚೀಟಿಯ ಯೊಲಾಂದಾ ಬೆಂಚಿನಿಂದ ಕಷ್ಟಪಟ್ಟು ಎದ್ದು ನಡೆದು ಬಂದಳು. ಭರಣಿಯ ಹತ್ತಿರ ನಿಂತು, ಕೈಚೀಲ ಬಿಚ್ಚಿ, ಸುರುಳಿ ಸುತ್ತಿದ ನೋಟುಗಳನ್ನು ಒಳಗೆ ತುರುಕಿದಳು.

"ಸತ್ತೋನ ಆತ್ಮಕ್ಕೆ ಅಂತ ತಂದಿದ್ದೆ. ಬದುಕಿರೋನ ಮುಖ ನೋಡಿ ಕೊಡೋದು ಇನ್ನೂ ಕಷ್ಟ, ಅದಕ್ಕೇ ಇನ್ನೂ ಸ್ವಲ್ಪ ಸೇರಿಸಿದ್ದೀನಿ," ಎಂದು ಫೋಸ್ಕೊನತ್ತ ತಿರುಗಿದಳು. "ಆಯ್ತೇನಪ್ಪಾ?"

ಫೋಸ್ಕೊ ಜೀವಮಾನದಲ್ಲಿ ಮೊದಲ ಬಾರಿ ಗೆದ್ದಿದ್ದ, ಅದೂ ಊರಿಗೆ ಊರೇ ನೋಡುತ್ತಿರುವಾಗ. ಆಕೆಯ ಕೈ ಹಿಡಿದುಕೊಂಡು ಮಗುವಿನಂತೆ ಅತ್ತ. ಆಮೇಲೆ ಎಲ್ಲರೂ ಸಾಲಾಗಿ ಬಂದರು. ಒಬ್ಬರೂ ತೆಗೆಯಲಿಲ್ಲ, ಹಲವರು ಇನ್ನಷ್ಟು ಹಾಕಿದರು. ಹೊರಗೆ ಶವಯಾತ್ರೆಗೆಂದು ಕಾಯುತ್ತಿದ್ದ ಬ್ಯಾಂಡಿನವರಿಗೆ ಒಳಗೆ ಏನಾಯಿತೆಂದು ಯಾರೂ ಹೇಳಿರಲಿಲ್ಲ. ಫೋಸ್ಕೊ ಬಾಗಿಲಲ್ಲಿ ಕಾಣಿಸಿದಾಗ ಶೋಕಗೀತೆ ನಡುವಿನಲ್ಲಿ ಮುಗ್ಗರಿಸಿ, ಸ್ವಲ್ಪ ಹೊತ್ತು ತಡಕಾಡಿ, ಕೊನೆಗೆ ಕುಣಿತದ ಪೋಲ್ಕಾ ಆಯಿತು. ನಾನು ಆ ದಿನ ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಹೀಗೆ ಇನ್ನೊಮ್ಮೆ ಆಗುವುದಿಲ್ಲ, ಯಾರೂ ಆಸೆ ಇಟ್ಟುಕೊಳ್ಳಬಾರದು.

ಡೇರೆ ಬಂತು. ಹೆಸರನ್ನು ಅಳಿಸಬೇಕೇ ಎಂದು ತೂಲಿಯೊನನ್ನು ಕೇಳಿದರು. ಒಂದು ಸಲ ಬರೆದದ್ದನ್ನು ತಾನು ಅಳಿಸುವುದಿಲ್ಲ, ಹೇಗೂ ಒಂದು ದಿನ ಸರಿಹೋಗುತ್ತದೆ ಎಂದ. ಈಗ ಊರಿನಲ್ಲಿ "ಅರ್ಗಾಂತೆ ಸ್ಟಾರ್ಟ್ ಆಗ್ತಿಲ್ಲ, ಫೋಸ್ಕೊನ ಕರೀರಿ" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ದಿನ ಫೋಸ್ಕೊ ಎರಡು ಗ್ಲಾಸು ವೈನು ಹೆಚ್ಚಿಗೆ ಕುಡಿಯುತ್ತಾನೆ.

ನವೆಂಬರಿನಲ್ಲಿ ಕಣಿವೆಯ ನದಿ ಉಕ್ಕಿ ಕೆಳಗಿನ ಊರುಗಳು ಮುಳುಗಿದವು. ನಗರದ ರಸ್ತೆ ಕುಸಿದು ಮುಚ್ಚಿತು. ಮೊದಲು ತಲುಪಿದವರು ನಮ್ಮವರೇ. ಶಾಲೆಯ ಮೈದಾನದಲ್ಲಿ ಡೇರೆ ಎದ್ದಿತು. ಲವೀನಿಯಾ ಅಲ್ಲಿ ನಿಂತ ಕಾಲಲ್ಲೇ ಒಂದು ಹೆರಿಗೆಯನ್ನೂ ಮಾಡಿಸಿದಳು. ನಾನು ಸೂಪಿನ ಹಂಡೆಯ ಹತ್ತಿರ ಇದ್ದೆ. ವ್ಯಾನು ಓಡಿಸಿಕೊಂಡು ಬಂದಿದ್ದ ಫೋಸ್ಕೊ ಅಟ್ಟದ ಮೇಲೆ ಉಳಿದಿದ್ದ ಬೂಟುಗಳನ್ನೆಲ್ಲ ತಂದಿದ್ದ. ಬರಿಗಾಲಲ್ಲಿ ಬಂದವರ ಮುಂದೆ ಮಂಡಿಯೂರಿ, ಕಾಲು ಒರೆಸಿ, ಕಣ್ಣಳತೆಯಲ್ಲೇ ಬೂಟು ತೊಡಿಸುತ್ತಿದ್ದ.

ಕಂಬಳಿ ಹೊದ್ದ ಒಬ್ಬ ಅಜ್ಜಿ ವ್ಯಾನಿನ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಹೆಸರು, ಆಲಿವ್ ರೆಂಬೆ ಎಲ್ಲವನ್ನೂ ಓದಿಕೊಂಡಳು.

"ಯಾರಪ್ಪಾ ಈ ಫೋಸ್ಕೊ ಬೆರ್ನಾಕ್ಕಿ? ಪಾಪ, ಯಾವಾಗ ತೀರ್ಕೊಂಡ್ರು?"

ಫೋಸ್ಕೊ ನನ್ನ ಕಡೆ ನೋಡಿದ. ನಾನು ಸೂಪು ತಿರುವಿದೆ. ಅವನು ತಲೆಯ ಮೇಲಿನ ಟೋಪಿ ತೆಗೆದ.

"ಒಳ್ಳೆ ಮನುಷ್ಯ ಅಜ್ಜಿ," ಎಂದ. "ಇಸ್ಪೀಟಲ್ಲಂತೂ ಅವರನ್ನ ನ್ಯಾಯವಾಗಿ ಸೋಲಿಸಿದೋರು ಯಾರೂ ಇಲ್ಲ."

ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು, ಅವರ ಆತ್ಮ ತಣ್ಣಗಿರಲಿ ಎಂದಳು.

"ಆಮೆನ್," ಎಂದ ಫೋಸ್ಕೊ. ಬೂಟಿನ ತುದಿ ಒತ್ತಿ, ಎಲ್ಲೂ ಸಡಿಲವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಲೇಸು ಕಟ್ಟಿದ.